ಬನ್ನಿ ಕೊಡದ ಸುಬೇದಾರರು

ಹೋದ ತಿಂಗಳು ಸುಬೇದಾರರ ಮಣ್ಣಿಗೆ ಹೋಗಿ ಬಂದೆ. ಈಗೀಗ ಮಣ್ಣಿಗೆ ಹೋಗಿ ಬರುವುದೇ ನನ್ನ ನೌಕರಿ ಆಗಿಬಿಟ್ಟಿದೆ. ಶಾಲೆಯಿಂದ ನಿವೃತ್ತನಾದ ಮೇಲೆ ಮದುವೆಗೆ ಕರೆಯುವವರು ಕಡಿಮೆಯಾದರು, ಇದಕ್ಕೆ ಕರೆಯುವವರು ಹೆಚ್ಚಾದರು. ಸುಬೇದಾರರು ಲಿಂಗಾಯತರು, ನಾನು ಮುಸಲ್ಮಾನ. ಮಣ್ಣು ಕೊಡುವ ವಿಷಯದಲ್ಲಿ ಮಾತ್ರ ಅವರೂ ನಾವೂ ಒಂದೇ ಎಂದು ನಾವಿಬ್ಬರೂ ಎಷ್ಟೋ ಸಲ ಚೇಷ್ಟೆ ಮಾಡಿಕೊಂಡಿದ್ದೆವು.

ಕುಣಿಯ ಸುತ್ತ ನಿಂತವರೆಲ್ಲ ಬಿಲ್ವಪತ್ರಿ ಹಾಕಿ ಸರಿದರು. ಕೊನೆಗೆ ಕುಬಿಹಾಳದಿಂದ ಬಂದಿದ್ದ ಸುಬೇದಾರರ ಅಣ್ಣನ ಸರದಿ ಬಂತು. ಎಂಬತ್ತು ದಾಟಿದ ಜೀವ, ಕೋಲು ಊರಿಕೊಂಡು ನಿಂತಿದ್ದರು. ಕೈಯಲ್ಲಿದ್ದ ಪತ್ರಿ ಹಾಕಿದರು. ಆಮೇಲೆ ಜುಬ್ಬಾದ ಕಿಸೆಗೆ ಕೈ ಹಾಕಿ ಒಣಗಿದ ಬನ್ನಿಯ ಒಂದು ಎಸಳು ತೆಗೆದು ಅದನ್ನೂ ಹಾಕಿದರು. ನನ್ನ ಬಾಜು ನಿಂತವನೊಬ್ಬ, "ಇದ್ಯಾವ ಪದ್ಧತಿರೀ? ದಸರಾ ಮುಗದು ಎಷ್ಟೋ ದಿನ ಆತಲ್ಲ" ಅಂದ. ನನಗೆ ಗೊತ್ತಿತ್ತು. ಆದರೆ ಆ ಬಿಸಿಲಲ್ಲಿ ನಿಂತು ಹೇಳಿ ಮುಗಿಸುವ ಮಾತು ಅದಾಗಿರಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆಸಬೇಕಾದ ಕಡೆ ಅವರೇ ಬರೆಸಿ ಹೋಗಿದ್ದಾರೆ.

ಅವರು ಗುಡಗೇರಿಗೆ ಬಂದು ನಮ್ಮ ಓಣಿಯಲ್ಲಿ ಮನೆ ಮಾಡಿದಾಗ ನಾನಿನ್ನೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸೈನ್ಯದಿಂದ ನಿವೃತ್ತಿಯಾಗಿ ಬಂದು ನಮ್ಮೂರ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸಕ್ಕೆ ಸೇರಿದ್ದರು. ಹೊಲ, ಮನೆ, ಅಣ್ಣ ಎಲ್ಲ ಕುಬಿಹಾಳದಲ್ಲಿದ್ದರೂ ಇಲ್ಲಿ ಬಾಡಿಗೆ ಮನೆ. ಊರವರು ಇದನ್ನು ಸುಮ್ಮನೆ ಬಿಟ್ಟಾರೆಯೇ? ಅಣ್ಣತಮ್ಮರಿಗೆ ಬದುವಿನ ಜಗಳ ಇರಬೇಕು ಎಂದು ತಾವೇ ತೀರ್ಪು ಕೊಟ್ಟುಬಿಟ್ಟರು. ನಮ್ಮ ಕಡೆ ಅಣ್ಣ ಒಂದೂರು ತಮ್ಮ ಒಂದೂರು ಇದ್ದರೆ ನಡುವೆ ಒಂದು ಬದು ಇರಲೇಬೇಕು.

ಎತ್ತರದ ಆಳು. ಮೀಸೆ ದಪ್ಪ, ಮಾತು ತೆಳು. ದಿನ ತಪ್ಪದೆ ಗಡ್ಡ ಕೆರೆದು, ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ನಿಂತರೆಂದರೆ ಗೋಡೆಗೆ ಬೆನ್ನು ತಾಗಿಸುತ್ತಿರಲಿಲ್ಲ. ಬ್ಯಾಂಕಿನವರು ಒಂದು ಸ್ಟೂಲು ಕೊಟ್ಟಿದ್ದರು. ಅದರ ಮೇಲೆ ಕೂಡುವುದು ಚಹಾ ಬಂದಾಗ ಮಾತ್ರ. ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಆರುವವರೆಗೆ ಅದನ್ನೇ ನೋಡುತ್ತ ಕೂತು, ಒಂದೇ ಗುಟುಕಿಗೆ ಕುಡಿದು ಎದ್ದುಬಿಡುತ್ತಿದ್ದರು.

ಅವರದೊಂದು ಮಾತಿತ್ತು: "ಹುಕುಂ ಬಂದಿಲ್ಲ." ಎಲ್ಲದಕ್ಕೂ ಅದೇ. ಹಂಚು ಒಡೆದು ಮನೆ ಸೋರುತ್ತಿದ್ದಾಗ ಅವರ ಹೆಂಡತಿ, ನಾವೆಲ್ಲ ವೈನಿ ಎಂದು ಕರೆಯುವವರು, "ಅಷ್ಟ ಏರಿ ಸರಿ ಮಾಡ್ರಿ" ಎಂದು ಗೋಗರೆದರೆ, "ಹುಕುಂ ಬಂದಿಲ್ಲ." "ನಾ ಕೊಡಾಕತ್ತೀನಲ್ರಿ ಹುಕುಂ" ಎಂದರೆ, "ಲಿಖಿತ ಬೇಕು" ಅನ್ನುವರು. ವೈನಿ ನಗುತ್ತ ಬೈಯುವರು.

ಒಮ್ಮೆ ಸಂತೆಯ ದಿನ ಒಂದು ಹೋರಿ ಹಗ್ಗ ಹರಿದುಕೊಂಡು ಬ್ಯಾಂಕಿನೊಳಗೆ ನುಗ್ಗಿತು. ಮಂದಿ ಕೌಂಟರಿನ ಮೇಲೆ ಹತ್ತಿದರು. ಹೋರಿ ಪಾಸ್‌ಬುಕ್ ಬರೆಯುವ ಯಂತ್ರದ ಮುಂದೆ ನಿಂತು ಸೆಗಣಿ ಹಾಕಿತು. ಸುಬೇದಾರರು ಬಾಗಿಲಲ್ಲಿ ನಿಂತ ಜಾಗ ಬಿಡಲಿಲ್ಲ. "ಮ್ಯಾನೇಜರ್ ಸಾಹೇಬ್ರ, ಹುಕುಂ?" ಎಂದು ಕೂಗಿದರು. ಮ್ಯಾನೇಜರು ಮೇಜಿನ ಕೆಳಗಿಂದ, "ಹೊಡೀರಿ ಮಾರಾಯ್ರ, ಹೊರಗ ಹೊಡೀರಿ" ಎಂದು ಒದರಿದ ಮೇಲೆಯೇ ಹೋಗಿ ಅದರ ಮೂಗುದಾರ ಹಿಡಿದರು. ಅದು ಅವರ ಹಿಂದೆ ಕುರಿಯಂತೆ ನಡೆಯಿತು. ಊರು ಅದನ್ನು ಹೇಳಿಕೊಂಡು ಬಹಳ ದಿನ ನಕ್ಕಿತು. ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ.

ಇನ್ನು ದಸರಾದ ಸಂಗತಿ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಬೇರೆ ಕಡೆಯವರಿಗೆ ಇರಲಿ. ವಿಜಯದಶಮಿಯ ಸಂಜೆ ಬನ್ನಿಯ ಎಲೆ ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಕೊಟ್ಟು, ತಗೊಂಡು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಬನ್ನಿ ಕೊಟ್ಟರೆ ಮುಗಿಯಿತು, ಹಗೆ ಅಲ್ಲಿಗೇ ಬಿಡಬೇಕು. ನಮ್ಮ ಮನೆಗೂ ಬರುತ್ತಾರೆ, ನಾನೂ ಹೋಗುತ್ತೇನೆ. ಬಂದ ಬನ್ನಿಯನ್ನು ನನ್ನ ಹೆಂಡತಿ ಜೋಳದ ಡಬ್ಬಿಯಲ್ಲಿ ಹಾಕಿಡುತ್ತಾಳೆ. ಬಂಗಾರ ಆಗದಿದ್ದರೆ ಹೋಗಲಿ, ಜೋಳಕ್ಕೆ ಹುಳ ಹತ್ತದಿದ್ದರೆ ಸಾಕು ಅನ್ನುತ್ತಾಳೆ.

ಸುಬೇದಾರರು ಬನ್ನಿ ಕೊಡುತ್ತಿರಲಿಲ್ಲ, ತಗೊಳ್ಳುತ್ತಲೂ ಇರಲಿಲ್ಲ. ಅವತ್ತು ಒಳಗಿನ ಕೋಣೆ ಸೇರಿ ಕದ ಹಾಕಿಕೊಳ್ಳುತ್ತಿದ್ದರು. ಬಂದವರಿಗೆ ವೈನಿಯೇ ಕೊಟ್ಟು, ತಗೊಂಡು, "ಅವರಿಗೆ ಡ್ಯೂಟಿ ಐತ್ರಿ" ಅಂದು ಕಳಿಸುವರು. ದಸರಾಕ್ಕೆ ಬ್ಯಾಂಕು ರಜಾ ಎಂಬುದು ಎಲ್ಲರಿಗೂ ಗೊತ್ತು. ಸುಮ್ಮನೆ ಗೋಣು ಹಾಕಿ ಹೋಗುತ್ತಿದ್ದರು.

ನೋಡಲಾಗುತ್ತಿರಲಿಲ್ಲ ಎಂದರೆ ಅಣ್ಣನ ಪಾಡು. ಸಣ್ಣವರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲಿಗೆ ಬೀಳುವುದು ರೂಢಿ. ಇಲ್ಲಿ ಹಿರಿಯರೇ ಪ್ರತಿ ದಸರಾಕ್ಕೆ ಕುಬಿಹಾಳದಿಂದ ಟಂಟಂ ರಿಕ್ಷಾ ಹತ್ತಿ ಬರುವರು. ಪಡಸಾಲೆಯಲ್ಲಿ ಕೂತು ವೈನಿ ಕೊಟ್ಟ ಚಹಾ ಕುಡಿದು, ಮುಚ್ಚಿದ ಕದದ ಹೊಸ್ತಿಲ ಮೇಲೆ ಬನ್ನಿ ಇಟ್ಟು ಹೋಗುವರು. ಒಂದು ಸಲ ನನಗೆ ಓಣಿಯಲ್ಲಿ ಸಿಕ್ಕು, "ಮಾಸ್ತರ್ರ, ನೀವು ಕಲತಾವ್ರು. ನಾ ಏನ್ ತಪ್ಪ ಮಾಡೀನಿ ಅಂತ ಅಷ್ಟ ಕೇಳಿ ಹೇಳ್ರಿ. ಬದು ಬೇಕಂದ್ರ ಬದು ಕೊಡ್ತೀನಿ, ಹೊಲ ಬೇಕಂದ್ರ ಹೊಲ" ಅಂದರು. ಅಷ್ಟು ದೊಡ್ಡ ಮನುಷ್ಯ ಕಣ್ಣಲ್ಲಿ ನೀರು ತಂದುಕೊಂಡಾಗ ನನಗೆ ಸುಬೇದಾರರ ಮೇಲೆ ಸಿಟ್ಟು ಬಂತು. ಕೇಳಿಯೂ ಕೇಳಿದೆ. "ಅಣ್ಣಂದೇನೂ ಇಲ್ರಿ" ಎಂದಷ್ಟೇ ಅಂದು ಅವರು ಬಸಿಯ ಚಹಾ ನೋಡುತ್ತ ಕೂತರು.

ಗೊತ್ತಾದದ್ದು ಬಹಳ ತಡವಾಗಿ, ನಾನು ನಿವೃತ್ತನಾದ ಮೇಲೆ. ಸಂಜೆ ನಾವಿಬ್ಬರೂ ಸ್ಟೇಶನ್ನಿನ ಕಲ್ಲುಬೆಂಚಿನ ಮೇಲೆ ಕೂಡುವ ರೂಢಿ. ಒಂದು ದಿನ ತಮ್ಮ ಫೋನು ನನ್ನ ಕೈಗೆ ಕೊಟ್ಟರು. ಅದರಲ್ಲೊಂದು ಹಳೆಯ ಫೋಟೋ. ನೀಲಿ ಟೊಪ್ಪಿಗೆಯ ಸುಬೇದಾರರು, ಮೀಸೆ ಇನ್ನೂ ಕರಿದು, ಒಬ್ಬ ಆಫ್ರಿಕದ ಸೇನಾಧಿಕಾರಿಯ ಕೈಗೆ ಎಲೆಯ ಎಸಳು ಕೊಡುತ್ತಿದ್ದಾರೆ. ಅವನು ಬಾಯಿ ತುಂಬ ನಗುತ್ತಿದ್ದಾನೆ.

ಅವರು ಆಫ್ರಿಕದ ಒಂದು ದೇಶದಲ್ಲಿ ಶಾಂತಿಪಡೆಯ ಜೊತೆ ಇದ್ದು ಬಂದದ್ದು ನನಗೆ ಗೊತ್ತಿತ್ತು. ಅಲ್ಲಿ ಬಾಳೆಹಣ್ಣು ಸೋವಿ ಅನ್ನುವುದನ್ನು ಬಿಟ್ಟು ಬೇರೇನೂ ಅವರು ಹೇಳಿರಲಿಲ್ಲ. ಈ ಫೋಟೋವನ್ನು ಅವರ ಜೊತೆ ಇದ್ದ ಗದಗ ಕಡೆಯ ಒಬ್ಬ ಸಿಪಾಯಿ ಹಳೆಯ ನೆನಪು ಎಂದು ಫೇಸ್‌ಬುಕ್ಕಿಗೆ ಹಾಕಿದ್ದ. ಅದು ಎಲ್ಲೆಲ್ಲೋ ಸುತ್ತಿ ಯುರೋಪಿನಲ್ಲಿರುವ ಒಬ್ಬ ವಕೀಲ ಹೆಣ್ಣುಮಗಳ ಕಣ್ಣಿಗೆ ಬಿತ್ತು. ಆಕೆ ಆ ದೇಶದವಳೇ. ಸಣ್ಣವಳಿದ್ದಾಗ ತಪ್ಪಿಸಿಕೊಂಡು ಯುರೋಪಿಗೆ ಹೋಗಿ ಓದಿ ವಕೀಲೆ ಆದವಳು. ಫೋಟೋದಲ್ಲಿ ನಗುತ್ತಿದ್ದ ಕಮಾಂಡರನ ಪಡೆ ಅವಳ ಹಳ್ಳಿಯನ್ನು ಸುಟ್ಟು, ಸಿಕ್ಕವರನ್ನು ಕೊಂದಿತ್ತು. ಅವನ ಮೇಲೆ ನಿರ್ಬಂಧ ಹಾಕಿಸಲು, ಅಂದರೆ ಹೊರದೇಶದಲ್ಲಿ ಅವನು ಕಾಲಿಡದಂತೆ, ಅಲ್ಲಿ ಬಚ್ಚಿಟ್ಟ ದುಡ್ಡು ಮುಟ್ಟದಂತೆ ಮಾಡಿಸಲು, ಆಕೆ ವರ್ಷಗಟ್ಟಲೆ ಸಾಕ್ಷಿ ಕೂಡಿಹಾಕುತ್ತಿದ್ದಳು. ಹಳ್ಳಿ ಸುಟ್ಟ ವಾರ ತಾನು ರಾಜಧಾನಿಯಲ್ಲಿದ್ದೆ ಎಂಬುದು ಕಮಾಂಡರನ ವಾದ. ಫೋಟೋದಲ್ಲಿ ಅವನು ಶಾಂತಿಪಡೆಯ ಕ್ಯಾಂಪಿನಲ್ಲಿದ್ದಾನೆ, ಹಳ್ಳಿಯ ಬಾಜೂಕೇ ಇದ್ದ ಕ್ಯಾಂಪು. ಆದರೆ ಯಾವ ದಿನದ್ದು? ಅದನ್ನು ಹೇಳುತ್ತೀರಾ ಎಂದು ಕೇಳಿ ಆಕೆ ಸಂದೇಶ ಕಳಿಸಿದ್ದಳು.

"ಹೇಳ್ರಿ ಮತ್ತ, ನೆನಪೈತೇನು?" ಅಂದೆ.

"ನೆನಪಿಲ್ಲದ ಏನ್ರಿ? ಅವತ್ತ ದಸರಾ."

"ಸರಿ ಹೋತಲ್ಲ. ಅಷ್ಟ ಹೇಳಿಬಿಡ್ರಿ."

"ಅಷ್ಟ ಹೇಳಾಕ ಬರಂಗಿಲ್ರಿ ಮಾಸ್ತರ್ರ. ದಸರಾ ಅಂದ್ರ ಬನ್ನಿ ಹೇಳಬೇಕು. ಬನ್ನಿ ಅಂದ್ರ ಉಳದದ್ದೂ ಹೇಳಬೇಕು."

"ಉಳದದ್ದ ಹೇಳಬ್ಯಾಡ್ರಿ. ಅಲ್ಲಿಂದ ಬಂದು ಇಲ್ಲಿ ಯಾರ್ ಕೇಳ್ತಾರ?"

ಅವರು ಹಳಿಯ ಕಡೆ ನೋಡುತ್ತ ಕೂತರು. "ಈಗರ ಎಲ್ಲಿಂದರ ಒಂದ್ ಹುಕುಂ ಬಂದಿದ್ರ ಚಲೋ ಇತ್ತು" ಅಂದರು. ನಾನು ನಗಲಿಕ್ಕೆ ಹೋದೆ. ಅವರ ಮುಖ ನೋಡಿ ಫೋನನ್ನು ತಿರುಗಿ ಅವರ ಕೈಗಿಟ್ಟೆ.

ಒಂದೆರಡು ವಾರ ಬೆಂಚಿಗೇ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ತಾವೇ ಮನೆಗೆ ಬಂದು, "ನಾಳೆ ಫೋನ್ ಮಾಡ್ತಾಳಂತ. ನೀವು ಬಾಜು ಕೂಡಬೇಕ್ರಿ" ಅಂದರು. ಹಿಂದಿಗೆ ದುಭಾಷಿ ಕೊಡುತ್ತೇನೆ ಎಂದು ಆಕೆ ಹೇಳಿದ್ದಳಂತೆ. ಇವರು ಬೇಡ ಅಂದಿದ್ದರು. "ಇದು ಹಿಂದಿಯೊಳಗ ಹೇಳಿದ್ರ ವರದಿ ಆಗತೈತ್ರಿ. ನಮ್ಮ ಮಾತಿನಾಗ ಹೇಳ್ತೀನಿ, ನೀವು ಅಕಿಗೆ ಇಂಗ್ಲಿಷಿನಾಗ ಹೇಳ್ರಿ."

ಮರುದಿನ ಅವರ ಪಡಸಾಲೆಯಲ್ಲಿ ಫೋನನ್ನು ನೀರಿನ ತಂಬಿಗೆಗೆ ಆನಿಸಿ ಕೂತೆವು. ಸುಬೇದಾರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಪರದೆಯ ಮೇಲೆ ಬಂದವಳು ಮೂವತ್ತರ ಆಚೀಚಿನ ಹುಡುಗಿ, ಕಣ್ಣ ಕೆಳಗೆ ಕಪ್ಪು, ನಿದ್ದೆ ಕಂಡು ಬಹಳ ದಿನವಾದಂತೆ. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಸುಬೇದಾರರು ಹೇಳಿದ್ದು ಇಷ್ಟು. ಹಳ್ಳಿಯ ಮೇಲೆ ದಾಳಿಯಾಗುತ್ತದೆಂಬ ಸುದ್ದಿ ಇತ್ತು. ಜನ ಚಾಪೆ, ಗಂಟು, ಕೂಸು ಕಟ್ಟಿಕೊಂಡು ಬಂದು ಕ್ಯಾಂಪಿನ ತಂತಿಬೇಲಿಗೆ ಒತ್ತಿಕೊಂಡು ಕೂತಿದ್ದರು. ಆ ರಸ್ತೆ ಕಮಾಂಡರನ ಕೈಯಲ್ಲಿತ್ತು, ಆದ್ದರಿಂದ ಅವನು ಬಂದರೆ ಚಹಾ ಕೊಡಬೇಕು, ಮಾತಾಡಬೇಕು. ದಸರಾ ದಿನ ಬಂದ. ಕ್ಯಾಂಪಿನಲ್ಲಿ ಒಂದು ಮುಳ್ಳಿನ ಮರ ಇತ್ತು, ಎಲೆ ಅಗದಿ ಬನ್ನಿಯ ಎಲೆಯಂಥದೇ. ನಮ್ಮ ಕಡೆಯ ನಾಲ್ಕಾರು ಮಂದಿ ಅದನ್ನೇ ಕಿತ್ತು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಕಮಾಂಡರ್ ಇದೇನೆಂದು ಕೇಳಿದ. ಹಬ್ಬದ ದಿನ, ಮನೆಯ ನೆನಪು, ಸುಬೇದಾರರು ಅವನಿಗೂ ಒಂದು ಎಸಳು ಕೊಟ್ಟರು. ಅವನು ಅದನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಂಡು, ತಿರುಗಿ ಒಂದು ಎಸಳು ಕಿತ್ತು ಇವರಿಗೂ ಕೊಟ್ಟ.

ಬೇಲಿಯಾಚೆ ಕೂತ ಮಂದಿ ಅದನ್ನೆಲ್ಲ ನೋಡುತ್ತಿತ್ತು. ಅವರಲ್ಲಿ ಕ್ಯಾಂಪಿಗೆ ಬಾಳೆಹಣ್ಣು ತರುತ್ತಿದ್ದ ಒಬ್ಬ ಮುದುಕ. ಅವನಿಗೆ ಇವರ ಮುರುಕು ಭಾಷೆ ತಿಳಿಯುತ್ತಿತ್ತು. ಕಮಾಂಡರ್ ಹೋದ ಮೇಲೆ ಬಂದು, ಆ ಎಲೆ ಏನು ಎಂದು ಕೇಳಿದ.

"ನಾ ಹೇಳಿದ್ನಿರಿ," ಅಂದರು ಸುಬೇದಾರರು, ಫೋನನ್ನು ನೋಡದೆ, ತಮ್ಮ ಕೈ ನೋಡಿಕೊಳ್ಳುತ್ತ. "ನಮ್ಮ ಕಡಿ ಇದನ್ನ ಕೊಟ್ಟು ತಗೊಂಡ್ರ ಹಗಿ ಮುಗೀತು ಅಂತ. ಕೊಟ್ಟಾಂವ ಮತ್ತ ಕೈ ಎತ್ತಂಗಿಲ್ಲ ಅಂತ. ಮುದುಕ, ಅಂವಾನೂ ಕೊಟ್ಟನಲ್ಲ, ಅಂದ. ಹೌದು, ಕೊಟ್ಟ ಅಂದ್ನಿ. ಮುದುಕ ಬೇಲಿ ಕಡಿ ಹೋಗಿ ಮಂದಿಗೆ ಅದನ್ನ ಹೇಳಿದ. ಹೊತ್ತ ಮುಳಗೂದ್ರಾಗ ಚಾಪಿ ಸುತ್ತಿಕೊಂಡು ಎಲ್ಲಾರೂ ಮನಿಗೆ ಹೋದ್ರಿ. ನಾ ನೋಡಿಕೋತ ನಿಂತಿದ್ನಿ. ಹಬ್ಬದ ದಿನ ಚಲೋ ಕೆಲಸ ಆತು ಅಂತ ನನಗ ಖುಷಿ ಆತ್ರಿ. ಖುಷಿ ಆತು."

ನಾನು ಇಂಗ್ಲಿಷಿಗೆ ಹೇಳುತ್ತ ಹೋದೆ. ಆ 'ಖುಷಿ ಆತು' ಬಂದಾಗ ಅದನ್ನೂ ಅವರಂತೆಯೇ ಎರಡು ಸಲ ಹೇಳಿದೆ. ನಾಲ್ಕೈದು ದಿನದ ಮೇಲೆ, ಬೆಳಗಿನ ಹೊತ್ತು, ಹಳ್ಳಿಯ ಕಡೆಯಿಂದ ಗುಂಡಿನ ಸಪ್ಪಳ ಬಂತಂತೆ, ಹೊಗೆ ಎದ್ದಿತಂತೆ. ಇವರು ಗಾಡಿ ಹತ್ತಿ ತಯಾರಾಗಿ ಕೂತು ಮೇಲಿನವರ ಅಪ್ಪಣೆಗೆ ವೈರ್‌ಲೆಸ್ಸಿನ ಬಾಜು ಕಾಯ್ದರು. ಅಪ್ಪಣೆ ಬರಲಿಲ್ಲ. ಮಧ್ಯಾಹ್ನಕ್ಕೆ ಸಪ್ಪಳ ತಾನೇ ನಿಂತಿತು.

"ಹುಕುಂ ಬರಲಿಲ್ರಿ," ಅಂದರು.

ಇಷ್ಟು ವರ್ಷ ನಾವು ನಕ್ಕ ಮಾತು ಅದು. ಅವತ್ತು ನನಗೆ ನನ್ನ ನಗೆಯೇ ಅಸಹ್ಯವಾಯಿತು.

ಆ ಹುಡುಗಿ ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಮಾತಾಡಿದಳು. ಆ ಮುದುಕ ಅವಳ ಅಜ್ಜ. ತಲೆಯ ಮೇಲೆ ಚಾಪೆ ಹೊತ್ತು ಆ ಸಂಜೆ ಮನೆಗೆ ಹೋದವರಲ್ಲಿ ಅವಳೂ ಒಬ್ಬಳು. ಅಜ್ಜ ಸತ್ತ. ಬದುಕಿ ಉಳಿದವರು ಇಂದಿಗೂ ಅವನ ಹೆಸರಿಗೆ ಉಗುಳುತ್ತಾರಂತೆ. ಕಮಾಂಡರನ ಕಡೆಯಿಂದ ಲಂಚ ತಿಂದು ಊರನ್ನು ತಿರುಗಿ ಕರೆದೊಯ್ದ ಎನ್ನುತ್ತಾರಂತೆ. ಎಲೆಯ ಮಾತು ಅವಳಿಗೆ ಅಲ್ಪಸ್ವಲ್ಪ ನೆನಪಿತ್ತು. ಅಜ್ಜ ಕಟ್ಟಿ ಹೇಳಿದ್ದೋ ಖರೆಯೋ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ.

"ಹಾಗಾದರೆ ಅಜ್ಜ ಸುಳ್ಳು ಹೇಳಲಿಲ್ಲ" ಅಂದಳು.

ನಾನು ಕನ್ನಡಕ್ಕೆ ಹೇಳಿದೆ. ಸುಬೇದಾರರು ಮೊದಲ ಸಲ ಫೋನಿನ ಕಡೆ ಮುಖ ಎತ್ತಿದರು. "ಇಲ್ಲವ್ವಾ. ನಿಮ್ಮ ಅಜ್ಜ ಹೇಳಿದ್ದು ಖರೇನ. ಅವಂಗ ಹೇಳಿದಾಂವ ನಾನ."

ಕ್ಷಮಿಸಿದೆ ಎಂದು ಆಕೆ ಅನ್ನಲಿಲ್ಲ. ಇವರೂ ಕೇಳಲಿಲ್ಲ. ಹೇಳಿಕೆಯನ್ನು ಬರೆದು ಕಳಿಸುತ್ತೇನೆ, ಬೇಕಾದರೆ ನಿಮ್ಮ ಹೆಸರು ಮುಚ್ಚಿಡಬಹುದು ಎಂದಳು. "ಹೆಸರ ಹಾಕ್ರಿ" ಅಂದರು ಸುಬೇದಾರರು. ಅದೊಂದಕ್ಕೆ ಯಾರ ಹುಕುಮಿಗೂ ಕಾಯಲಿಲ್ಲ.

ಫೋನು ಆರಿದ ಮೇಲೆ ವೈನಿ ಬಂದು ಗಂಡನ ಮುಂದೆ ಕೂತರು. "ಇಷ್ಟ ವರ್ಷ ನಿಮಗ ಅಣ್ಣನ ಮ್ಯಾಲೆ ಸಿಟ್ಟ ಐತಿ ಅಂತ ತಿಳದಿದ್ನೆಲ್ರಿ," ಅಂದರು. "ದಸರಾಕ್ಕೊಮ್ಮೆ ಮಂದಿ ಮುಂದ ಸುಳ್ಳ ಹೇಳಿ ಹೇಳಿ ನನಗ ಸಾಕಾಗಿತ್ತು. ನನಗರ ಹೇಳಬಾರದಿತ್ತೇನ್ರಿ?" ನಾನು ಚಪ್ಪಲಿ ಹುಡುಕಿಕೊಂಡು ಹೊರಬಿದ್ದೆ. ಅಣ್ಣನಿಗೆ ಹೇಳುವುದು ಮಾತ್ರ ಬೇಡ ಎಂದು ಆಮೇಲೆ ಇಬ್ಬರೂ ಮಾತಾಡಿಕೊಂಡರಂತೆ. ಈ ವಯಸ್ಸಿನಲ್ಲಿ ಅವರ ತಲೆಗೆ ಆ ಹೊಗೆ ಯಾಕೆ ತುಂಬಬೇಕು ಎಂದು.

ಆಮೇಲೆ ಕಾಯುವುದು. ಬೆಂಚಿನ ಮೇಲೆ ಕೂತಾಗೊಮ್ಮೆ, "ಏನರ ಬಂತೇನ್ರಿ?" ಅನ್ನುವರು. ನಾನು ಫೋನು ತೆಗೆದು ನೋಡುವೆ. ಇಲ್ಲ ಅನ್ನುವೆ. ಒಂದು ವರ್ಷ ಹೀಗೇ ಹೋಯಿತು, ಇನ್ನೊಂದೂ ಹೋಯಿತು.

ಸುದ್ದಿ ಬಂದದ್ದು ಒಂದು ಸಂತೆಯ ದಿನ. ನಾನು ಓಡುತ್ತ ಬ್ಯಾಂಕಿಗೆ ಹೋದೆ. ಒಳಗೆ ಕಾಲಿಡಲು ಜಾಗವಿಲ್ಲ. ಕೆವೈಸಿ ಕೊಟ್ಟಿಲ್ಲವೆಂದು ಸುಮಾರು ಜನರ ಖಾತೆ ಬಂದ್ ಆಗಿ, ಆಧಾರ್ ಕಾರ್ಡಿನ ಝೆರಾಕ್ಸ್ ಹಿಡಿದು ಎಲ್ಲರೂ ನಿಂತಿದ್ದರು. ನಾನು ಬಾಗಿಲಲ್ಲೇ ಓದಿ ಹೇಳಿದೆ. ಯುರೋಪಿನ ಕೆಲವು ದೇಶಗಳು ಸೇರಿ ಕಮಾಂಡರನ ಮೇಲೆ ನಿರ್ಬಂಧ ಹಾಕಿವೆ. ಆ ದೇಶಗಳಿಗೆ ಅವನು ಹೋಗುವಂತಿಲ್ಲ. ಅಲ್ಲಿರುವ ಅವನ ಖಾತೆಗಳು ಬಂದ್.

"ಮತ್ತ?" ಅಂದರು ಸುಬೇದಾರರು.

"ಮತ್ತೇನಿಲ್ರಿ."

"ಅಷ್ಟನ?"

"ಅಷ್ಟ."

"ಜೇಲ್?"

"ಇಲ್ರಿ. ಅಂವಾ ತನ್ನ ದೇಶದಾಗ ಅದಾನ."

ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕಿ ನಮ್ಮ ಮಾತಿಗೆ ಕಿವಿ ಕೊಟ್ಟಿದ್ದಳು. ಏನದು ಎಂದು ಕೇಳಿದಳು. ಮಂದಿ ಕೊಂದವನೊಬ್ಬನ ಖಾತೆ ಬಂದ್ ಮಾಡಿದ್ದಾರೆ ಅಂದೆ. "ಅಯ್ಯ ನನ ಶಿವನ," ಅಂದಳು. "ನಂದೂ ಬಂದ್ ಮಾಡ್ಯಾರಲ್ಲೋ ತಮ್ಮಾ. ನಾ ಯಾರನ್ನ ಕೊಂದೀನಿ?"

ಸುತ್ತಲಿನವರೆಲ್ಲ ನಕ್ಕರು. ನನಗೂ ನಗೆ ಬಂತು, ಜೊತೆಗೆ ಹೇಳಲಾಗದಷ್ಟು ಬೇಸರ. ಸುಬೇದಾರರು ಬಂದೂಕನ್ನು ಮೊಣಕಾಲಿಗೆ ಆನಿಸಿ ಸ್ಟೂಲಿನ ಮೇಲೆ ಕೂತರು. ಚಹಾ ಬಂದಿರಲಿಲ್ಲ. ಚಹಾ ಇಲ್ಲದೆ ಅವರು ಕೂತದ್ದನ್ನು ನಾನು ನೋಡಿದ್ದು ಅವತ್ತೇ. "ಆ ಹುಡುಗಿ ಇಷ್ಟಕ್ಕ ಇಷ್ಟ ವರ್ಷ ನಿದ್ದಿ ಬಿಟ್ಟಳೇನ್ರಿ?" ಅಂದರು. ನಾನು ಸಮಾಧಾನಕ್ಕೆ ಒಂದೆರಡು ಮಾತು ಹೇಳಿದೆ. ಜಗತ್ತಿನ ಕಣ್ಣಿಗೆ ಅವನು ಬಿದ್ದನಲ್ಲ, ನಾಲ್ಕು ಮಂದಿಯಲ್ಲಿ ಅವಮಾನವಾಯಿತಲ್ಲ ಎಂದೆಲ್ಲ. ಅವರು ಗೋಣು ಹಾಕಿದರು, ಮಾಸ್ತರನ ಮನಸ್ಸು ನೋಯಬಾರದೆಂದು.

ಆ ಅವಮಾನವೂ ಬಹಳ ದಿನ ಬಾಳಲಿಲ್ಲ. ಹೋದ ವರ್ಷ ಆ ದೇಶದಲ್ಲಿ ಏನೋ ಒಪ್ಪಂದವಾಗಿ ಹೊಸ ಸರಕಾರ ಬಂತು. ಕಮಾಂಡರ್ ಮಂತ್ರಿಯಾದ. ಮಂತ್ರಿಯ ಮೇಲೆ ನಿರ್ಬಂಧ ಇದ್ದರೆ ಮಾತುಕತೆ ಹೇಗೆ ನಡೆಯಬೇಕು? ತೆಗೆದುಹಾಕಿದರು. ಇದನ್ನೂ ನಾನೇ ಓದಿ ಹೇಳಬೇಕಾಯಿತು. ಸುಬೇದಾರರು ಆಗ ಬ್ಯಾಂಕಿನ ಕೆಲಸ ಬಿಟ್ಟಿದ್ದರು. ಹೃದಯದ ತೊಂದರೆ, ನಾಲ್ಕು ಹೆಜ್ಜೆಗೆ ಉಸಿರು ಹತ್ತುತ್ತಿತ್ತು. ಕೇಳಿ ನಕ್ಕುಬಿಟ್ಟರು.

"ಯಾರರ ಬನ್ನಿ ಕೊಟ್ಟಿರಬೇಕ್ ಬಿಡ್ರಿ ಅವಂಗ" ಅಂದರು.

ಆ ನಗೆ ಕೇಳಿ ನನಗೆ ಕೂಡಲಾಗಲಿಲ್ಲ. ಅವನ ಮೇಲೆ ನಿರ್ಬಂಧ ಹಾಕುವುದಕ್ಕೂ ಒಂದು ಸಭೆ ಇತ್ತು, ತೆಗೆಯುವುದಕ್ಕೂ ಒಂದು ಸಭೆ ಇತ್ತು. ಇವರು ತಮ್ಮ ಮೇಲೆ ತಾವೇ ಹಾಕಿಕೊಂಡಿದ್ದನ್ನು ತೆಗೆಯುವವರು ಯಾರು?

ಕೆಲವು ದಿನ ಬಿಟ್ಟು ಆ ಹುಡುಗಿಯ ಸಂದೇಶ ಬಂತು. ನನಗೆ ದಣಿವಾಗಿದೆ, ಇನ್ನು ಸ್ವಲ್ಪ ದಿನ ಏನೂ ಮಾಡುವುದಿಲ್ಲ ಎಂದು ಬರೆದಿದ್ದಳು. ಕೆಳಗೆ ಇನ್ನೊಂದು ಮಾತು. ನಿಮ್ಮ ಹೇಳಿಕೆಯನ್ನು ನಮ್ಮವರಿಗೆ ನಮ್ಮ ಭಾಷೆಯಲ್ಲಿ ಓದಿ ಹೇಳಿದೆ. ಈ ವರ್ಷ ಹುಟ್ಟಿದ ಒಂದು ಗಂಡುಕೂಸಿಗೆ ಅಜ್ಜನ ಹೆಸರಿಟ್ಟಿದ್ದಾರೆ.

"ಇನ್ನೊಮ್ಮೆ ಓದ್ರಿ" ಅಂದರು ಸುಬೇದಾರರು. ಓದಿದೆ. "ಕೂಸಿಗೆ ಹೆಸರಿಟ್ಟಾರ?" ಅಂದರು. "ಹೌದ್ರಿ."

ಅದಾದ ಮೇಲೆ ಬಂದ ದಸರಾಕ್ಕೆ ನಾನು ವೈನಿಗೆ ಬನ್ನಿ ಕೊಡಲು ಹೋದೆ. ನೋಡಿದರೆ ಸುಬೇದಾರರು ಪಡಸಾಲೆಯಲ್ಲೇ ಕೂತಿದ್ದಾರೆ. ಒಳಗಿನ ಕೋಣೆಯ ಕದ ತೆರೆದಿದೆ. ನಾನು ಒಂದು ಬದಿಗೆ ಕೂತೆ. ಹೊತ್ತು ಮುಳುಗುವ ಹೊತ್ತಿಗೆ ಓಣಿಯ ತುದಿಯಲ್ಲಿ ಟಂಟಂ ನಿಂತ ಸಪ್ಪಳವಾಯಿತು. ಅಣ್ಣ ಕೋಲೂರುತ್ತ ಬಂದರು. ಕೈಯಲ್ಲಿ ಬನ್ನಿ. ಹೊಸ್ತಿಲ ಮೇಲೆ ಇಡಲು ರೂಢಿಯಂತೆ ಒಳಕೋಣೆಯ ಕಡೆ ನಡೆದವರು ತಮ್ಮನನ್ನು ಕಂಡು ನಿಂತೇಬಿಟ್ಟರು.

ಸುಬೇದಾರರು ಗೋಡೆ ಹಿಡಿದು ಎದ್ದು ಕೈ ಮುಂದೆ ಮಾಡಿದರು. ಅಣ್ಣ ಬನ್ನಿ ಕೊಟ್ಟರು. ಇವರು ತಗೊಂಡರು. ಆಮೇಲೆ ತಿರುಗಿ ಕೊಡಬೇಕಲ್ಲ, ಅಣ್ಣ ಕಾಯುತ್ತ ನಿಂತರು. ವೈನಿ ತಮ್ಮ ತಾಟಿನಲ್ಲಿದ್ದ ಒಂದು ಎಸಳನ್ನು ಗಂಡನ ಕೈಗೆ ಹಿಡಿಸಿದರು. ಸುಬೇದಾರರು ಅದನ್ನು ಹಿಡಿದುಕೊಂಡರು, ಕೈ ಮುಂದೆ ಚಾಚಲಿಲ್ಲ.

"ಅಣ್ಣಾ," ಅಂದರು. "ನಾ ಕೊಟ್ಟದ್ದನ್ನ ನೀ ನಂಬತೀಯೇನು?"

ಅಣ್ಣನಿಗೆ ಬೇಲಿ ಗೊತ್ತಿಲ್ಲ, ಬಾಳೆಹಣ್ಣಿನ ಮುದುಕ ಗೊತ್ತಿಲ್ಲ. ತಮ್ಮನಿಗೆ ತಲೆ ಕೆಟ್ಟಿತೇ ಎಂಬಂತೆ ನನ್ನ ಕಡೆ ಒಮ್ಮೆ ನೋಡಿದರು.

"ನಂಬಾಕ ಏನೈತಲೇ ಇದರಾಗ?" ಅಂದರು. "ಎಲಿ ಐತಿ. ಕೊಡು."

ಸುಬೇದಾರರು ಕೊಟ್ಟರು. ಬಗ್ಗಿ ಅಣ್ಣನ ಕಾಲು ಮುಟ್ಟಿದರು. ಏಳಲಿಕ್ಕೆ ನಾನೂ ವೈನಿಯೂ ಹಿಡಿಯಬೇಕಾಯಿತು. ಮೇಲೆದ್ದು ಬಾಯಿ ತೆರೆದರು. ಆಡಬೇಕಾದ ಆ ಮಾತು ಬರಲಿಲ್ಲ. ಅಣ್ಣ ಒಂದು ಗಳಿಗೆ ಕಾಯ್ದರು. ಆಮೇಲೆ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ತಮ್ಮ ಪಾಲಿನದನ್ನು ಹೇಳಿದರು. ಸ್ವಲ್ಪ ತಡೆದು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ತಮ್ಮನ ಪಾಲಿನದನ್ನೂ ತಾವೇ ಹೇಳಿದರು. ಎಸಳನ್ನು ಜುಬ್ಬಾದ ಕಿಸೆಯಲ್ಲಿಟ್ಟುಕೊಂಡು, ಟಂಟಂ ಹೋದೀತು ಎನ್ನುತ್ತ ಅವಸರದಿಂದ ಕಟ್ಟೆ ಇಳಿದು ಹೋದರು.